ಹತ್ತು ಗೇರಿನ ಚೈನು

ಆದವಾನಿಯ ಹತ್ತಿ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಒಬ್ಬ ಮುದುಕ ಸೈಕಲ್ ರಿಪೇರಿ ಮಾಡುತ್ತಿದ್ದ. ನಾನು ಅವನನ್ನು ತಾತ ಎನ್ನುತ್ತಿದ್ದೆ, ಅವನು ನನ್ನನ್ನು ಟೀಚರಮ್ಮ ಎನ್ನುತ್ತಿದ್ದ. ಎಂಟು ವರ್ಷ ನನ್ನ ಹಳೆಯ ರೇಸ್ ಸೈಕಲ್ಲನ್ನು ನಡೆಸಿದ್ದು ಅವನ ಕೈ. ಆ ಕೈಯ ಮೇಲೆ ಅವನಿಗಿದ್ದ ನಂಬಿಕೆಯನ್ನು ಕಿತ್ತುಕೊಂಡವಳು ನಾನು.

ಕೋಸಗಿಯ ಶಾಲೆಗೆ ನಾನು ಹೋಗುವುದು ರೈಲಿನಲ್ಲಿ. ಭಾನುವಾರ ಮಾತ್ರ ಸೈಕಲ್ಲಿನಲ್ಲಿ ಮಂತ್ರಾಲಯಕ್ಕೆ. ಹೊಳೆಯಲ್ಲಿ ಕಾಲು ತೊಳೆದು, ಬಜ್ಜಿ ತಿಂದು ವಾಪಸು. ನಲವತ್ತು ದಾಟಿದ ಮೇಲೆ ಎದುರುಗಾಳಿಗೆ ಮಂಡಿ ಹಟ ಹಿಡಿಯತೊಡಗಿತು. ಸೈಕಲ್ಲಿಗೆ ಹಿಂದೆ ಇದ್ದದ್ದು ಆರೇ ಹಲ್ಲುಚಕ್ರ. ಹತ್ತು ಹಾಕಿಸೋಣವೆಂದು ಹೊಸ ಚಕ್ರ, ಗೇರು, ಲಿವರು, ತೆಳ್ಳನೆಯ ಚೈನು ಎಲ್ಲ ತರಿಸಿ ಅವನ ಮುಂದೆ ಸುರಿದೆ.

"ಕಾಲು ಎರಡೇ ಅದಾವಲ್ರಿ ಟೀಚರಮ್ಮ, ಹತ್ತು ಗೇರು ಯಾಕ್ರಿ?" ಎಂದ. ಪಂಕ್ಚರಿಗೆ ಕಾದಿದ್ದ ಮೂವರೂ ನಕ್ಕರು. ನಾನೂ ನಕ್ಕೆ, ಒಳಗೆ ಮೈಯೆಲ್ಲ ಉರಿಯುತ್ತಿತ್ತು.

ಕೆಲಸ ಮಾತ್ರ ಎಂಥ ಕೆಲಸ! ಹೊಸ ಚಕ್ರ ಅಗಲ, ಹಳೆಯ ಫ್ರೇಮು ಇಕ್ಕಟ್ಟು. ಹಿಂದಿನ ಎರಡು ಕೊಳವೆಗಳನ್ನು ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಇಷ್ಟಿಷ್ಟೇ ಅಗಲಿಸಿದ. ಎರಡೂ ಬದಿಗೆ ದಾರ ಎಳೆದು ನೋಡಿದ, ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ನನಗೆ ಅದಕ್ಕೂ ಹೊಟ್ಟೆಕಿಚ್ಚಾಯಿತು.

ಆಮೇಲೆ ಚೈನು. ಅದು ಉದ್ದವಿತ್ತು, ತುಂಡು ಮಾಡಬೇಕಿತ್ತು. ಹಳೆಯ ದಪ್ಪ ಚೈನಿಗೆ ನಮ್ಮ ಕಡೆ ಎಲ್ಲರದೂ ಒಂದೇ ಪದ್ಧತಿ: ಪಿನ್ನನ್ನು ಪೂರ್ತಿ ತೆಗೆಯದೆ ತುದಿಯಲ್ಲಿ ನಿಲ್ಲಿಸಿ, ಹೆಚ್ಚಿನ ತುಂಡು ಬಿಡಿಸಿ, ಅದೇ ಪಿನ್ನನ್ನು ಮತ್ತೆ ಒಳಗೆ ತಳ್ಳುವುದು. ತೆಳು ಚೈನಿಗೆ ಅದು ನಡೆಯದು. ಒಮ್ಮೆ ಹೊರಬಂದ ಪಿನ್ನು ಮತ್ತೆ ಗಟ್ಟಿ ಹಿಡಿಯುವುದಿಲ್ಲ, ಜೊತೆಗೆ ಕೊಟ್ಟ ಕೊಂಡಿಯಿಂದಲೇ ಜೋಡಿಸಬೇಕು ಎಂದು ಡಬ್ಬಿಯೊಳಗಿನ ಚೀಟಿಯಲ್ಲಿತ್ತು. ಚೀಟಿಯನ್ನು ನಾನು ಓದಿದ್ದೆ. ಕೊಂಡಿ ನನ್ನ ಪರ್ಸಿನಲ್ಲಿತ್ತು.

"ತಾತ, ಇದಕ್ಕ ಬ್ಯಾರೆ ಕೊಂಡಿ..." ಎಂದೆ.

"ಪಾಠ ಸಾಲ್ಯಾಗ ಹೇಳ್ರಿ. ನಿಮ್ಮಪ್ಪನ ಕಾಲದಿಂದ ಚೈನು ಹಾಕಾಕತ್ತೀನಿ ನಾನು."

ಮತ್ತೆ ನಗು. ತಾತ ಹಳೆಯ ಪದ್ಧತಿಯಲ್ಲೇ ಅದೇ ಪಿನ್ನನ್ನು ಒಳಗೆ ತಳ್ಳಿದ. ಆಗಲಿ ಎಂದು ಪರ್ಸಿನ ಜಿಪ್ಪು ಎಳೆದು ಮುಚ್ಚಿದೆ. ಚೈನು ಕಡಿದ ದಿನ ಇದೇ ಮಂದಿಯ ಮುಂದೆ ತಂದು ಎಸೆಯುತ್ತೇನೆ, ಆಗ ನಗಲಿ ಎಂದುಕೊಂಡೆ. ಆ ಯೋಚನೆ ಬಹಳ ಹಿತವಾಗಿತ್ತು.

ಆದರೆ ತಾನು ಒಂದು ಸುತ್ತು ತುಳಿದು ನೋಡದೆ ತಾತ ಯಾರ ಸೈಕಲ್ಲನ್ನೂ ವಾಪಸು ಕೊಟ್ಟವನಲ್ಲ. ಅದನ್ನು ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ಪಂಚೆ ಎತ್ತಿ ಕಟ್ಟಿ ಅವನು ಹತ್ತಿದಾಗಲೂ ನಾನು ಬಾಯಿ ಬಿಡಲಿಲ್ಲ. ರೈಲ್ವೆ ಬ್ರಿಡ್ಜಿನ ಏರಿನಲ್ಲಿ ಎದ್ದು ನಿಂತು ತುಳಿದನಂತೆ. ಚೈನು ಕಡಿಯಿತು, ಬಲಗೈ ಊರಿ ಬಿದ್ದ, ಮಣಿಕಟ್ಟು ಮುರಿಯಿತು.

ಪಟ್ಟಿ ಬಿಚ್ಚಿದ ಮೇಲೆ ಮೋಸಂಬಿ ತೆಗೆದುಕೊಂಡು ನೋಡಲು ಹೋದೆ. ಸೊಸೆ ಚಹಾ ತಂದಿಟ್ಟಳು.

"ಕೈ ಬರ್ತೈತಿ ಅಂದಾರ ಡಾಕ್ಟ್ರು," ಎಂದ ತಾತ. "ಆದ್ರ ಒಂದು ಮಾತು ಹೇಳ್ರಿ ಟೀಚರಮ್ಮ. ನೀವು ಹತ್ರ ನಿಂತು ನೋಡೀರಿ. ಪಿನ್ನು ನೆಟ್ಟಗ ಕುಂತಿತ್ತೋ ಇಲ್ಲೋ? ಕುಂತಿದ್ರ ಅಂಗಡಿ ತೆರೀತೀನಿ. ಇಲ್ಲಾಂದ್ರ ಕಣ್ಣು ಹೋದ್ವು ಅಂತ ತಿಳ್ಕೊಂತೀನಿ. ಮಂದಿ ಜೀವದ ಕೂಡ ಆಟ ಬ್ಯಾಡ."

ಪಿನ್ನು ನೆಟ್ಟಗೇ ಕೂತಿತ್ತು. ಭೂತಗನ್ನಡಿ ಹಿಡಿದರೂ ತಪ್ಪು ಸಿಗುತ್ತಿರಲಿಲ್ಲ. ಆದರೆ ಹಾಗೆಂದರೆ, ಮತ್ತೇಕೆ ಕಡಿಯಿತು ಎಂದು ಕೇಳುತ್ತಾನೆ. ಕೊಂಡಿಯ ಮಾತು ಬರುತ್ತದೆ.

"ಸ್ವಲ್ಪ ಓರೆ ಇತ್ತು, ತಾತ," ಎಂದೆ.

ಅವನು ತನ್ನ ಬೆರಳುಗಳನ್ನು ನೋಡಿಕೊಂಡ. "ಖರೇ ಹೇಳಿದ್ರಿ, ಚಲೋ ಆತು," ಎಂದು ಸೊಸೆಯನ್ನು ಕರೆದು, ಪಾನಾ, ಇಕ್ಕಳಗಳಿದ್ದ ತನ್ನ ಡಬ್ಬಿಯನ್ನು ನನಗೆ ಕೊಡಿಸಿದ. "ನಿಮ್ಗ ತಿಳಿತೈತಿ ಇದೆಲ್ಲ. ಇಟ್ಕೊಳ್ರಿ."

ಡಬ್ಬಿ ಹಿಡಿದು ಹೊರಟೆ. ಮನೆಗೆ ಬಂದು ಪರ್ಸಿನಿಂದ ಕೊಂಡಿ ತೆಗೆದು, ಅವನದೇ ಇಕ್ಕಳದಿಂದ ಚೈನು ಜೋಡಿಸಿದೆ. ಎರಡು ನಿಮಿಷವೂ ಹಿಡಿಯಲಿಲ್ಲ.