ಲೇಬಲ್ಲು ಅಂಟಿಸಿದ ಕೈ

ಬೀದಿಯವರೆಲ್ಲ ಅವಳನ್ನು ಬಾಟಲಿ ಅಕ್ಕ ಎಂದೇ ಕರೆಯುತ್ತಿದ್ದರು. ಮನೆಮನೆಯ ಖಾಲಿ ಬಾಟಲಿ ಕೊಂಡು, ತೊಳೆದು, ಗುಜರಿಗೆ ಹಾಕುವುದು ಇಪ್ಪತ್ತು ವರ್ಷದಿಂದ ಅವಳ ಕಸುಬು. ಯಾವ ಯಜಮಾನ ಕುಡಿತ ಬಿಟ್ಟೆನೆಂದು ಹೆಂಡತಿಯ ಕಣ್ಣಿಗೆ ಮಣ್ಣೆರಚುತ್ತಿದ್ದಾನೆ ಎಂಬುದು ಎಲ್ಲರಿಗಿಂತ ಮೊದಲು ಅವಳಿಗೇ ಗೊತ್ತಾಗುತ್ತಿತ್ತು. ಬಾಯಿ ಮಾತ್ರ ಬಿಡುತ್ತಿರಲಿಲ್ಲ.

ಕೆಲಸ ಬಲು ಅಚ್ಚುಕಟ್ಟು. ಲೇಬಲ್ಲಿಗೆ ನೀರು ಸೋಕದಂತೆ ಒಳಗಷ್ಟೇ ತೊಳೆಯುತ್ತಿದ್ದಳು. ಮೂಲೆ ಎದ್ದಿದ್ದರೆ ಕಿರುಬೆರಳಲ್ಲಿ ಗೋಂದು ಸವರಿ ಕೂರಿಸುತ್ತಿದ್ದಳು. ಆಯಾ ಬಾಟಲಿಗೆ ಅದರದೇ ಮುಚ್ಚಳ. ದುಬಾರಿ ಮದ್ಯದ ಬಾಟಲಿಗಳನ್ನು ಹೀಗೆ ಜೋಪಾನ ಮಾಡಿ ಕೊಟ್ಟರೆ ಸ್ಕೂಟರಿನವನೊಬ್ಬ ಗುಜರಿಯವನು ಕೊಡುವುದರ ಎರಡರಷ್ಟು ಕೊಡುತ್ತಿದ್ದ. ಖಾಲಿ ಬಾಟಲಿಗೆ ಲೇಬಲ್ಲು ಯಾಕೆ ಬೇಕೆಂದು ಅವಳು ಕೇಳಲಿಲ್ಲ. ಕೇಳಬೇಕಿತ್ತು. ಅವಳ ಮೇಲೆ ಸಿಟ್ಟು ಬರುವುದು ಇದೊಂದಕ್ಕೇ.

ಜೊತೆಗಿದ್ದ ತಮ್ಮ ದರ್ಜಿ. ಅಪರೂಪಕ್ಕೊಮ್ಮೆ ಕುಡಿಯುವವನು. ಅಂಗಡಿಗಿಂತ ಅಗ್ಗವೆಂದು ಪರಿಚಯದವನಿಂದ ಒಂದು ಬಾಟಲಿ ತಂದ. ಮುಚ್ಚಳ ತಿರುಗಿಸಿದಾಗ ಸೀಲು ಮುರಿದ ಸದ್ದೇ ಬರಲಿಲ್ಲ. ಲೇಬಲ್ಲು ಸರಿಯಾಗಿದೆಯಲ್ಲ ಎಂದು ಕುಡಿದ. ಮರುದಿನ ಬೆಳಿಗ್ಗೆ ಸೂಜಿಗೆ ದಾರ ಪೋಣಿಸಲು ಕೂತವನು ಕೇಳಿದ:

"ಅಕ್ಕಾ, ಕಿಟಕಿ ಯಾಕೆ ಮುಚ್ಚಿದ್ದೀಯ?"

ಕಿಟಕಿ ತೆರೆದೇ ಇತ್ತು.

ಆಸ್ಪತ್ರೆಯಲ್ಲಿ ಡಾಕ್ಟರು, "ಏನು ಕುಡಿದ್ರು? ಆ ಬಾಟಲಿ ಬೇಗ ತನ್ನಿ" ಎಂದರು. ಅವಳು ಮನೆಗೆ ಓಡಿ, ಹೊಲಿಗೆ ಯಂತ್ರದ ಪಕ್ಕದಲ್ಲಿದ್ದ ಬಾಟಲಿಯನ್ನು ಎತ್ತಿಕೊಂಡಳು. ಲೇಬಲ್ಲಿನ ಕೆಳಮೂಲೆಯಲ್ಲಿ ಒಣಗಿದ ಗೋಂದು, ಗೋಂದಿನಲ್ಲಿ ಬೆರಳಿನ ಗುರುತು. ತನ್ನ ಕಿರುಬೆರಳು ಇಟ್ಟು ನೋಡಿದಳು. ಸರಿಯಾಗಿ ಕೂತಿತು. ಒಡೆದು ಚರಂಡಿಗೆ ಎಸೆದುಬಿಡೋಣ ಎನ್ನಿಸಿತು. ಆದರೆ ಅಲ್ಲಿ ತಮ್ಮ ಉಸಿರಿಗೆ ಒದ್ದಾಡುತ್ತಿದ್ದ. ಒಯ್ದು ಡಾಕ್ಟರ ಮೇಜಿನ ಮೇಲಿಟ್ಟಳು.

"ಒಳಗಿರೋದು ನಕಲಿ ಇರ್ಬೇಕು. ಬಾಟಲಿ ಮಾತ್ರ ನಾನೇ ಮಾರಿದ್ದು."

ಜೀವ ಉಳಿಯಿತು, ದೃಷ್ಟಿ ಮರಳಲಿಲ್ಲ. ಪೊಲೀಸರಿಗೆ ಸ್ಕೂಟರಿನವನ ಗುರುತು ಹೇಳಿ ಬಂದವಳು ತಮ್ಮನಿಗೂ ಎಲ್ಲ ಹೇಳಿದಳು. ಎಂಟು ದಿನ ಅವನು ಮಾತು ಬಿಟ್ಟ. ಅವಳು ದಿನವೂ ಅವನಿಗೆ ಉಣ್ಣಿಸಿದಳು. ಒಂಬತ್ತನೆಯ ದಿನ ಅವನು ಕೈ ಚಾಚಿದ.

"ಬಾಟಲಿ ಕೊಡು. ಲೇಬಲ್ಲು ನಾನು ಕೀಳ್ತೀನಿ."

ಈಗ ಆ ಮನೆಯಿಂದ ಮುಚ್ಚಳವಿರುವ ಒಂದೇ ಒಂದು ಬಾಟಲಿಯೂ ಹೊರಗೆ ಹೋಗುವುದಿಲ್ಲ. ಮುಚ್ಚಳಗಳನ್ನು ಅವಳು ಸುತ್ತಿಗೆಯಲ್ಲಿ ಜಜ್ಜುತ್ತಾಳೆ. ಅವನು ಪಕ್ಕದಲ್ಲಿ ಕೂತು, ಒದ್ದೆ ಕಾಗದವನ್ನು ಉಗುರಿನಿಂದ ಕೆರೆದು, ಗಾಜಿನ ಮೇಲೆ ಬೆರಳಾಡಿಸಿ, ಬಾಟಲಿಯನ್ನು ಅವಳತ್ತ ಹಿಡಿಯುತ್ತಾನೆ.

"ನೋಡಕ್ಕ, ಚೂರೇನಾದ್ರೂ ಉಳಿದಿದ್ಯಾ?"

ಪ್ರತಿಯೊಂದು ಬಾಟಲಿಯನ್ನೂ ಅವಳು ನೋಡಿ ಹೇಳಬೇಕು.