ತಿರುಗಲಿ, ತಡೀರಿ ಸಾಹೇಬ್ರ

ಅವರ ಮೊಣಕಾಲಿನ ಕೆಳಗೆ ಸದಾ ಒಣಗಿದ ಕೆಸರು ಇರುತ್ತಿತ್ತು. ಎರೆಮಣ್ಣಿನ ಆ ಕೆಸರು ಬೂದಿ ಬಣ್ಣಕ್ಕೆ ತಿರುಗಿ, ಅಲ್ಲಲ್ಲಿ ಬಿರುಕು ಬಿಟ್ಟಿರುತ್ತಿತ್ತು; ಅವರು ಬೇಸಿಗೆಯಲ್ಲೂ ಉಣ್ಣೆಯ ಕಾಲುಚೀಲ ಹಾಕಿಕೊಂಡವರಂತೆ ಕಾಣುತ್ತಿದ್ದರು. ನಮ್ಮ ಉಪಕಾಲುವೆಯ ಗೇಟು ಎತ್ತಿ ಇಳಿಸುವ ಲಸ್ಕರ್ ಅವರು. ಅದೇ ಕಾಲುವೆಗೆ ನಾನು ಕಿರಿಯ ಎಂಜಿನಿಯರ್. ಹುದ್ದೆಯಲ್ಲಿ ನಾನು ಅವರಿಗೆ ಸಾಹೇಬ, ವಯಸ್ಸಿನಲ್ಲಿ ಅವರು ನನ್ನ ತಂದೆಗಿಂತ ದೊಡ್ಡವರು. ಎಲ್ಲರಂತೆ ನಾನೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆ.

ಕಲಬುರಗಿಯಿಂದ ಸುರಪುರಕ್ಕೆ ವರ್ಗವಾಗಿ ಬಂದಾಗ ನನ್ನ ಬಳಿ ಒಂದು ದುರ್ಬೀನು, ಒಂದು ಹಕ್ಕಿ ಪುಸ್ತಕ ಮತ್ತು ಅವೆರಡನ್ನೂ ಮೀರಿದ ಜಂಬ ಇತ್ತು. ಹಕ್ಕಿ ಕಂಡ ಗಳಿಗೆಯೇ ಹೆಸರು ಹೇಳಿಬಿಡಬೇಕು ನನಗೆ. ಕಾಕಾನಿಗೆ ಆ ಅವಸರವೇ ಇಲ್ಲ. ಕಾಲುವೆಯ ಏರಿಯ ಮೇಲೆ ಕುಕ್ಕರುಗಾಲಲ್ಲಿ ಕೂತು, ಅಂಗೈಯಲ್ಲಿ ತಂಬಾಕು ತಿಕ್ಕುತ್ತಾ, ಬರಿಗಣ್ಣಲ್ಲೇ ನೋಡುತ್ತಿದ್ದರು. ನಾನು ಬಾಯಿ ತೆರೆದ ಕೂಡಲೇ ಅವರ ಮಾತು ಸಿದ್ಧವಿರುತ್ತಿತ್ತು:

“ತಿರುಗಲಿ, ತಡೀರಿ ಸಾಹೇಬ್ರ.”

ಕೊಕ್ಕು, ಕಾಲು, ಕೂಗು ಮೂರೂ ಸಿಕ್ಕಿದ ಮೇಲೆಯೇ ಅವರು ಇದು ಇಂಥದ್ದು ಅನ್ನುವುದು. ಒಂದು ಕಡಿಮೆಯಾದರೂ “ಗುರುತು ಹತ್ತಲಿಲ್ರಿ” ಎಂದು ಎದ್ದು ಹೊರಟುಬಿಡುತ್ತಿದ್ದರು. ಅರ್ಧ ತಾಸು ಕಾದು ನೋಡಿದ ಹಕ್ಕಿಯನ್ನು ಹಾಗೆ ಬಿಟ್ಟು ಹೋಗುವುದು ನನಗೆ ಸೋತಂತೆ ಅನಿಸುತ್ತಿತ್ತು.

ನಾರಾಯಣಪುರ ಅಣೆಕಟ್ಟಿನ ನೀರು ಬಂದ ಮೇಲೆ ಈ ಎರೆಹೊಲಗಳಿಗೆ ಮೊದಲು ಕಾಣದ ಹಕ್ಕಿಗಳೂ ಬರತೊಡಗಿದವೆಂದು ಅವರು ಹೇಳುತ್ತಿದ್ದರು. ಚಳಿಗೆ ಬಂದು ಬಿಸಿಲಿಗೆ ಹೋಗುವವಕ್ಕೆಲ್ಲ ಅವರಿಟ್ಟ ಹೆಸರು ಒಂದೇ, ಬೀಗರು. ಶಿವರಾತ್ರಿ ಹತ್ತಿರವಾದರೆ ಅವರಿಗೆ ಹುರುಪು ಬರುತ್ತಿತ್ತು. “ಬೀಗರು ಗಂಟು ಕಟ್ಟ್ಯಾರ. ಬ್ಯಾರೆ ಕಡಿಂದನೂ ಹೊಸಾ ಮಾರಿಗೋಳು ಇದಽ ದಾರಿ ಹಿಡಿತಾವ. ಕಣ್ಣು ತೆಕ್ಕೊಂಡಿರ್ರಿ.”

ಅಂಥ ಒಂದು ಬೆಳಿಗ್ಗೆ, ಕಟಾವಾದ ತೊಗರಿಯ ಕೂಳೆಗಳ ನಡುವೆ ನಮಗೆ ಬೆನ್ನು ಮಾಡಿ ಒಂದು ಹಕ್ಕಿ ನಿಂತಿತ್ತು. ಕಂದು ಬೆನ್ನು, ಕಪ್ಪು ನೆತ್ತಿ, ಅದರ ಕೆಳಗೊಂದು ಬಿಳಿ ಗೆರೆ. ನಾನು ದುರ್ಬೀನು ಕಣ್ಣಿಗೆ ಒತ್ತಿಕೊಂಡೆ. ದೂರದ ಹುಲ್ಲುನಾಡಿನಿಂದ ಬರುವ ಅಪರೂಪದ ಟಿಟ್ಟಿಭವೊಂದರ ಚಿತ್ರ ಪುಸ್ತಕದಲ್ಲಿತ್ತು, ಥೇಟ್ ಹೀಗೇ.

“ಕಾಕಾ, ಇದು ಈ ಸೀಮಿಗೇ ಸಿಗದ ಹಕ್ಕಿ. ನೋಡ್ರಿ, ಕರೀ ನೆತ್ತಿ, ಬಿಳಿ ಹುಬ್ಬು, ಕರೀ ಕಾಲು.”

“ಕಾಲು ಕಂಡಾವೇನ್ರಿ?”

“ಕಂಡಾವ.”

ಅವರು ತಂಬಾಕು ತಿಕ್ಕುತ್ತಾ ಕೂತರು. ಸ್ವಲ್ಪ ಹೊತ್ತಿಗೆ ಹಕ್ಕಿ ತಿರುಗಿ ಕೂಳೆಯಿಂದ ಹೊರಗೆ ಬಂತು. ಉದ್ದನೆಯ ಹಳದಿ ಕಾಲು, ಕೊಕ್ಕಿನ ಬುಡದಲ್ಲಿ ಹಳದಿ ಚರ್ಮದ ಜೋಲು. ವರ್ಷವಿಡೀ ನಮ್ಮ ಒಣಭೂಮಿಯಲ್ಲೇ ಓಡಾಡಿಕೊಂಡಿರುವ ಹಳದಿ ಟಿಟ್ಟಿಭ ಅದು. ಕಾಕಾ ನಗಲಿಲ್ಲ. ತಂಬಾಕಿನ ಕೈ ಝಾಡಿಸಿ ಎದ್ದು, “ಮದಲ ಹೆಸರು ಇಟ್ರಿ, ಆಮ್ಯಾಲ ಕಾಲು ಕಂಡ್ರಿ” ಎಂದರು. ಎರಡು ದಿನ ನಾನು ಅವರೊಡನೆ ಸರಿಯಾಗಿ ಮಾತಾಡಲಿಲ್ಲ.

ಇದಾಗಿ ಹತ್ತು ದಿನಕ್ಕೆ ಆ ಹಂಗಾಮಿನ ಕೊನೆಯ ಪಾಳಿಯ ನೀರು ಬಿಟ್ಟೆವು. ಕಾಲುವೆಯ ತುದಿಯ ಊರಿನಲ್ಲಿ ಶೇಂಗಾ ಕಾಯಿ ಕಟ್ಟುವ ಹೊತ್ತು. ಈ ನೀರು ಮುಟ್ಟಿದರೆ ಪೀಕು, ಇಲ್ಲದಿದ್ದರೆ ಬರೀ ಬಳ್ಳಿ. ಎರಡನೆಯ ದಿನ ಬೆಳಿಗ್ಗೆ ನಾನು ಒಬ್ಬನೇ ಏರಿಯ ಮೇಲೆ ದುರ್ಬೀನು ಹಿಡಿದು ನಿಂತಿದ್ದೆ. ತಡವಾಗಿ ಬಿತ್ತಿದ ಜೋಳ ಎದೆಮಟ್ಟ ನಿಂತಿತ್ತು. ಅದರಾಚೆ, ಕಾಲುವೆ ತಿರುಗುವ ಕಡೆ, ಹಳದಿ ರುಮಾಲು ಸುತ್ತಿದ ಒಬ್ಬ ಸಲಿಕೆ ಎತ್ತಿ ಹಾಕುತ್ತಿದ್ದ. ಹೊಲಕ್ಕೆ ನೀರು ತಿರುಗಿಸಿಕೊಳ್ಳುತ್ತಿರಬಹುದು ಎಂದುಕೊಂಡು ನಾನು ಮತ್ತೆ ಹಕ್ಕಿಗಳ ಕಡೆ ತಿರುಗಿದೆ.

ಒಂದು ತಾಸಿನಲ್ಲಿ ಏರಿ ಅಲ್ಲೇ ಒಡೆಯಿತು. ಪಾಳಿಯ ನೀರೆಲ್ಲ ಹಳ್ಳಕ್ಕೆ ಹರಿಯತೊಡಗಿತು.

ಸುದ್ದಿ ಕೇಳಿ ಬಂದ ಕಾಕಾ ನೀರು ನಿಲ್ಲಿಸಲು ಗೇಟಿನ ಕಡೆ ಓಡಿದರು. ಅಷ್ಟರಲ್ಲಿ ತುದಿಯ ಊರಿನವರು ಬಡಿಗೆ ಹಿಡಿದು ಬಂದರು, ನಲವತ್ತು ಐವತ್ತು ಜನ. ಮುಂದಿದ್ದವನು ನನ್ನ ಕೊರಳಲ್ಲಿದ್ದ ದುರ್ಬೀನನ್ನೇ ನೋಡಿದ.

“ಮುಂಜಾನಿಂದ ಇಲ್ಲೇ ಇದ್ರಿ. ಯಾರ್ನ ನೋಡಿದ್ರಿ?”

“ಹಳದಿ ರುಮಾಲು ಸುತ್ತಿದ್ದ.”

“ತಿರುವಿನ ಹೊಲದ ಭೀಮಣ್ಣನಽ ಏನು? ಕುಂಟ?”

ನನಗೆ ಹೆದರಿಕೆಯಾಗಿತ್ತು, ಸುಳ್ಳೇಕೆ ಹೇಳಲಿ. ಏರಿ ಒಡೆದದ್ದಕ್ಕೆ ಮೇಲಿನವರು ನನ್ನನ್ನು ಕೇಳುತ್ತಾರೆ, ಕೆಳಗಿನವರು ಬಡಿಗೆ ಹಿಡಿದು ಎದುರಿಗೇ ನಿಂತಿದ್ದಾರೆ. ಒಂದು ಹೆಸರು ಸಿಕ್ಕರೆ ಸಾಕಾಗಿತ್ತು. ಆ ಹೆಸರು ಕಿವಿಗೆ ಬಿದ್ದದ್ದೇ ತಡ, ಜೋಳದಾಚೆಯ ಮನುಷ್ಯ ನನ್ನ ಕಣ್ಣೆದುರು ಕುಂಟತೊಡಗಿದ.

“ಹೌದು. ಎಡಗಾಲು ಎಳ್ಕೋತ ಹೊಂಟಿದ್ದ” ಎಂದೆ.

ಅವರೆಲ್ಲ ಭೀಮಣ್ಣನ ಹೊಲದ ಮನೆಗೆ ನುಗ್ಗಿದರು. ನಾನು ಹಿಂದೆ ಹೋದೆ. ಒಂದು ಗುಡಿಸಲು, ಕಟ್ಟಿ ಹಾಕಿದ ಎರಡು ಎತ್ತು, ಪಕ್ಕದಲ್ಲಿ ದನದ ಮೇವಿಗೆ ಒಟ್ಟಿದ ಕಣಕಿಯ ಬಣವಿ. ಅವನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಿದ್ದಳು.

“ನಿನ್ನೆನಽ ಕೊಡೇಕಲ್ಲಿಗೆ ಹೋಗ್ಯಾನ್ರಿ. ಹರಕಿ ಇತ್ತು. ಮನ್ಯಾಗ ಇಲ್ರಿ, ಬೇಕಾರ ಒಳಗ ನೋಡ್ರಿ.”

ಅವಳ ಮಾತು ಯಾರಿಗೂ ಬೇಕಿರಲಿಲ್ಲ. ಒಬ್ಬ ಕಡ್ಡಿಪೆಟ್ಟಿಗೆ ತೆಗೆದ. “ಬಣವಿಗೆ ಇಡ್ರಿ. ನಮ್ಮ ಶೇಂಗಾ ಒಣಗಲಿ, ಇವನ ದನ ಮೇಯ್ಲೇನು?”

ಬಣವಿಗೂ ಗುಡಿಸಲಿಗೂ ನಡುವೆ ನಾಲ್ಕು ಮಾರು ಜಾಗ, ಗಾಳಿ ಮನೆಯ ಕಡೆಗೇ ಬೀಸುತ್ತಿತ್ತು. ತಡೆಯಬೇಕೆಂದು ನನಗೆ ಗೊತ್ತಿತ್ತು. ಎರಡು ಹೆಜ್ಜೆ ಹಿಂದೆ ಸರಿದು ನಿಂತೆ.

ಆಗ ಕಾಕಾ ಬಂದರು. ಗೇಟು ಇಳಿಸಿ, ಒಡೆದ ಕಡೆ ಒಬ್ಬರೇ ಉಸುಕಿನ ಚೀಲ ಒತ್ತಿ ಬಂದಿದ್ದರು. ಸೊಂಟದವರೆಗೆ ತೊಯ್ದು ಬಟ್ಟೆಯಿಂದ ನೀರು ಸೋರುತ್ತಿತ್ತು. ಜನರನ್ನು ಸರಿಸಿಕೊಂಡು ನೇರ ನನ್ನ ಮುಂದೆ ಬಂದು ನಿಂತರು.

“ಸಾಹೇಬ್ರ, ಒಂದಽ ಮಾತು ಕೇಳ್ತೀನಿ. ಸಿಟ್ಟಾಗಬ್ಯಾಡ್ರಿ.”

“ಕೇಳ್ರಿ.”

“ಕಾಲು ಕಂಡಾವೇನ್ರಿ?”

ಅಷ್ಟು ಜನರಲ್ಲಿ ಆ ಪ್ರಶ್ನೆ ಅರ್ಥವಾದದ್ದು ನನಗೊಬ್ಬನಿಗೆ. ಅವರು ನನ್ನ ಕೈಕೆಳಗಿನ ನೌಕರ. ನಾನು ಎರಡು ಸಾಲು ಬರೆದರೆ ಅವರ ಗೇಟೂ ಇಲ್ಲ, ನೌಕರಿಯೂ ಇಲ್ಲ. ಅದು ಅವರಿಗೂ ಗೊತ್ತು. ಆದರೂ ಅವರ ಕಣ್ಣು ಹಕ್ಕಿ ತಿರುಗುವುದನ್ನು ಕಾಯುವಾಗ ಇರುತ್ತಿದ್ದ ಹಾಗೇ ಇದ್ದವು.

ಹೌದು ಅನ್ನುವುದು ಬಹಳ ಸುಲಭವಿತ್ತು.

“ಇಲ್ಲ” ಎಂದೆ. “ಜೋಳ ಅಡ್ಡ ಇತ್ತು. ಕಾಲು ಕಂಡಿಲ್ಲ.”

“ಮಾರಿ?”

“ಮಾರೀನೂ ಕಂಡಿಲ್ಲ. ಬೆನ್ನು ಅಷ್ಟ.”

ಕಡ್ಡಿಪೆಟ್ಟಿಗೆಯವನು ಬಂದು ನನ್ನ ಅಂಗಿಯ ಕಾಲರ್ ಹಿಡಿದ. “ಮತ್ತ ಹೌದು ಅಂತ ಯಾಕಂದಿ?” ಹೊಡೆದಿದ್ದರೂ ಸರಿಯೇ ಇತ್ತು. ಕಾಕಾ ಮಧ್ಯೆ ಕೈ ಹಾಕಿದರು, ಅವನ ಮಣಿಕಟ್ಟಿನ ಮೇಲೆಲ್ಲ ಕೆಸರಾಯಿತು.

“ಏರಿ ಇನ್ನೂ ಕಟ್ಟಿಲ್ಲ. ಸಲಿಕಿ ಇದ್ದಾವ್ರು ಬರ್ರಿ, ನೀರು ಉಳಸ್ಕೊಳ್ಳೋಣು” ಎಂದು ಹೇಳಿ, ಯಾರು ಬರುತ್ತಾರೆಂದು ತಿರುಗಿಯೂ ನೋಡದೆ ನಡೆದುಬಿಟ್ಟರು. ಮೊದಲು ಒಬ್ಬ ಹೋದ. ಆಮೇಲೆ ಇಬ್ಬರು. ಕೊನೆಗೆ ಕಡ್ಡಿಪೆಟ್ಟಿಗೆಯವನೂ ಅದನ್ನು ಜೇಬಿಗೆ ಹಾಕಿಕೊಂಡು ಹೋದ. ನಾನೂ ಪ್ಯಾಂಟು ಮಡಚಿ ಚೀಲ ಹೊತ್ತೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ನೀರು ತುದಿಯ ಊರು ಮುಟ್ಟಿತು.

ಅದೇ ದಿನ ಸಂಜೆ ಭೀಮಣ್ಣ ಕೊಡೇಕಲ್ಲಿನ ಬಸ್ಸಿನಿಂದ ಇಳಿದ. ಅವನ ಜೊತೆ ಹೋದ ನಾಲ್ಕು ಜನರೂ ಇಳಿದರು. ಏನು ನಡೆದಿದೆಯೆಂದು ತಿಳಿಯದ ಅವನು ಗೇಟಿನ ಬಳಿ ನಿಂತು, ಕೂತಿದ್ದ ನಮ್ಮಿಬ್ಬರಿಗೂ ಪ್ರಸಾದದ ಕೊಬ್ಬರಿ ಕೊಟ್ಟ. ನಾನದನ್ನು ತಿನ್ನದೆ ಅಂಗೈಯಲ್ಲೇ ಹಿಡಿದುಕೊಂಡೆ. ಏರಿ ಒಡೆದವರು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ.

“ಅವ ಅಲ್ಲ ಅಂತ ನಿಮಗ ಗೊತ್ತಿತ್ತೇನು ಕಾಕಾ?” ಎಂದು ಅವನು ಹೋದ ಮೇಲೆ ಕೇಳಿದೆ.

“ನನಗ್ಯಾಕ ಗೊತ್ತಿರ್ತದರಿ. ನೀವು ಕಂಡಿಲ್ಲ ಅನ್ನೋದಷ್ಟ ಗೊತ್ತಿತ್ತು.”

ಅದು ಹೇಗೆ ಗೊತ್ತಾಯಿತೆಂದು ನಾನು ಕೇಳಲಿಲ್ಲ. ತೊಗರಿ ಹೊಲದ ಟಿಟ್ಟಿಭವನ್ನು ನೆನೆದು ಅವರು ಹಾಗಂದರೆಂದೇ ತಿಳಿದೆ. ಆ ವಿಷಯ ಅವರು ಮತ್ತೆಂದೂ ಎತ್ತಲಿಲ್ಲ.

ನನಗೆ ವರ್ಗವಾಯಿತು, ಅವರು ನಿವೃತ್ತರಾದರು. ಶಹಾಪುರದ ಕಡೆ ಕೆಲಸ ಬಿದ್ದಾಗೆಲ್ಲ ದಾರಿ ಬಳಸಿ ಹೋಗಿ ಮಾತಾಡಿಸುತ್ತಿದ್ದೆ. ಕೊನೆಯ ಸಲ ಹೋದಾಗ ಅವರ ಎರಡೂ ಕಣ್ಣು ಮಬ್ಬಾಗಿದ್ದವು. ಕಾಕಾ ಎಂದು ಕೂಗಿದೆ. “ದನಿ ಸಾಹೇಬ್ರ ದನಿ ಇದ್ದಂಗ ಐತಿ. ಹತ್ರ ಬರ್ರಿ” ಎಂದರು. ಕೈ ಹಿಡಿದು, ಬೆರಳು ಸವರಿ, ಮುಖ ಮುಟ್ಟಿ ನೋಡಿದ ಮೇಲೆಯೇ ನನ್ನ ಹೆಸರು ಹೇಳಿದ್ದು.

ಅವರ ಮಣ್ಣಿಗೆ ಹೋದದ್ದು ಮತ್ತೊಂದು ಶಿವರಾತ್ರಿಯ ಮುಂದೆ. ಕಾಲುವೆ ಏರಿಯ ಮೇಲೆಯೇ ಹೆಣ ಒಯ್ದರು. ಹೊತ್ತವರಲ್ಲಿ ಭೀಮಣ್ಣನೂ ಇದ್ದ, ತಲೆಗೆ ಅವನು ಯಾವಾಗಲೂ ಸುತ್ತುತ್ತಿದ್ದ ಹಳದಿ ರುಮಾಲು. ನಾನು ಅವನ ಹಿಂದೆಯೇ ನಡೆಯುತ್ತಿದ್ದೆ. ಅಷ್ಟು ವರ್ಷಗಳಲ್ಲಿ ಅವನು ನಡೆಯುವುದನ್ನು ನಾನು ಸರಿಯಾಗಿ ನೋಡಿರಲಿಲ್ಲ, ನಾಚಿಕೆಯಿಂದ ಅವನು ಕಂಡರೆ ಮುಖ ತಿರುಗಿಸುತ್ತಿದ್ದೆ. ಈಗ ನಡುವೆ ಜೋಳ ಇರಲಿಲ್ಲ. ಎರಡೂ ಕಾಲು ಚೆನ್ನಾಗಿ ಕಾಣುತ್ತಿದ್ದವು.

ಅವನು ಎಳೆಯುತ್ತಿದ್ದದ್ದು ಬಲಗಾಲು.

ದಿನವೂ ಅವನನ್ನು ಏರಿಯ ಮೇಲೆ ನೋಡುತ್ತಿದ್ದ ಕಾಕಾನಿಗೆ ಅದು ಗೊತ್ತಿರಲೇಬೇಕು. ಎಡಗಾಲು ಅಂದ ನನ್ನ ಮಾತು ಅಂದು ಜನರ ಬಾಯಿಂದ ಅವರ ಕಿವಿಗೂ ಬಿದ್ದಿರಲೇಬೇಕು. ಸಾಹೇಬ ಸುಳ್ಳು ಹೇಳುತ್ತಾನೆ ಎಂದು ಬಡಿಗೆ ಹಿಡಿದವರ ನಡುವೆ ಒಂದು ಮಾತು ಅಂದಿದ್ದರೆ ಸಾಕಾಗಿತ್ತು. ಅವರು ಹಾಗನ್ನಲಿಲ್ಲ. ನಾನೇ ತಿರುಗಲಿ ಎಂದು ಕಾದರು.