ಸಾಬವ್ವ ಕಂಪನಿ ಬಿಟ್ಟ ಕಾರಣ

ರಂಜನಾ ಮೂವತ್ತೆರಡನೆಯ ವಯಸ್ಸಿನಲ್ಲಿ ಮತ್ತೆ ಕಾಲೇಜು ಸೇರಿದಳು. ಅದಕ್ಕೂ ಮೊದಲು ಎಂಟು ವರ್ಷ ಪುಣೆಯ ಮಗ್ಗುಲಿನ ಚಿಂಚವಾಡದ ಒಂದು ರಂಗಮಂದಿರದ ಟಿಕೆಟ್ ಕೌಂಟರಿನಲ್ಲಿ ಕೂತವಳು ಅವಳು. ಯಾರು ಮುಂದಿನ ಸಾಲು ಕೇಳುತ್ತಾರೆ, ಯಾರು ಬಾಲ್ಕನಿ ಸಾಕು ಎನ್ನುತ್ತಾರೆ ಎಂಬುದು ಮುಖ ನೋಡಿದರೇ ಅವಳಿಗೆ ತಿಳಿಯುತ್ತಿತ್ತು. ಆದರೆ ಒಂದು ನಾಟಕ ಏಕೆ ತುಂಬುತ್ತದೆ, ಅಷ್ಟೇ ಚೆಂದದ ಇನ್ನೊಂದು ಏಕೆ ಖಾಲಿ ಹೋಗುತ್ತದೆ ಎಂಬುದು ಮಾತ್ರ ಬಗೆಹರಿದಿರಲಿಲ್ಲ. ಹಾಗಾಗಿ ಶಿವಾಜಿನಗರದ ಹತ್ತಿರದ ಒಂದು ಕಾಲೇಜಿನಲ್ಲಿ ಮನರಂಜನಾ ವ್ಯವಹಾರದ ಸ್ನಾತಕೋತ್ತರ ಕೋರ್ಸಿದೆ, ಬೆಳಗಿನ ಹೊತ್ತು ಮಾತ್ರ ತರಗತಿ ಎಂದು ಗೊತ್ತಾದದ್ದೇ ಅರ್ಜಿ ಹಾಕಿದಳು.

ನಿಗಡಿಯ ಎರಡು ಕೋಣೆಯ ಮನೆಯಲ್ಲಿ ಅವಳೊಂದಿಗೆ ಇದ್ದವರು ತಂದೆ ಮಲಕಪ್ಪ ಒಬ್ಬರೇ. ತಾಯಿ ಬಸವಣ್ಣೆವ್ವ ತೀರಿಕೊಂಡು ಐದು ವರ್ಷವಾಗಿತ್ತು. ಮಲಕಪ್ಪ ಆಕುರ್ಡಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಕ್ಲಾರ್ಕಾಗಿದ್ದು ನಿವೃತ್ತರಾದವರು. ಮಗಳು ಸುದ್ದಿ ಹೇಳಿದಾಗ ಪೇಪರು ಮಡಚಿಟ್ಟು ಕೇಳಿದರು:

"ಆಟಾ ಆಡಸೋ ಧಂದೇನೂ ಸಾಲ್ಯಾಗ ಕಲಸ್ತಾರೇನು?"

"ಕಲಸ್ತಾರಪ್ಪಾ. ಎರಡು ವರ್ಷ."

"ನಮ್ಮ ಮಾಲಕರು ಇದನ್ನ ಕೇಳಿದ್ರ ನಗ್ತಿದ್ರು," ಎಂದು ಮಲಕಪ್ಪ ತಾವೇ ನಕ್ಕರು.

ಮಾಲಕರೆಂದರೆ ನಿಜಲಿಂಗಪ್ಪ. ಕಾರ್ಖಾನೆಗೆ ಸೇರುವ ಮುಂಚೆ ಮಲಕಪ್ಪ ಆರು ವರ್ಷ ನಿಜಲಿಂಗಪ್ಪನವರ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದರು. ಅವರನ್ನು ಎಲ್ಲರೂ ಪೇಟಿ ಮಾಸ್ತರ ಎಂದೇ ಕರೆಯುತ್ತಿದ್ದರಂತೆ. ಗದಗ, ರೋಣ, ಬಾದಾಮಿ, ಇಳಕಲ್ಲು ಎಂದು ಊರೂರು ಸುತ್ತಿದ ಆ ಕಂಪನಿ ಎಂಬತ್ತಮೂರರಲ್ಲಿ ಮುಚ್ಚಿತು. ಮನೆಯಲ್ಲಿ ರಂಜನಾ ಒಂದು ದಿನವೂ ಪೇಟಿ ಕಂಡಿರಲಿಲ್ಲ. ಅಪ್ಪ ಊಟಕ್ಕೆ ಕಾಯುವಾಗ ಮೇಜಿನ ಅಂಚಿನ ಮೇಲೆ ಬೆರಳು ಓಡಿಸುವುದನ್ನಷ್ಟೇ ಕಂಡಿದ್ದಳು.

ಬೆಳಿಗ್ಗೆ ಆರೂವರೆಯ ಲೋಕಲ್ ಹಿಡಿದು ಕಾಲೇಜಿಗೆ, ಹನ್ನೊಂದಕ್ಕೆ ವಾಪಸ್ಸು ಕೌಂಟರಿಗೆ. ತರಗತಿಯಲ್ಲಿ ಉಳಿದವರೆಲ್ಲ ಇಪ್ಪತ್ತೆರಡು ಇಪ್ಪತ್ತಮೂರರವರು. ಮೊದಲ ವಾರ ಅವಳನ್ನು ದೀದೀ ಎಂದರು, ಮುಂದೆ ಮರಾಠಿಯಲ್ಲಿ ಅಕ್ಕ ಎಂಬರ್ಥದಲ್ಲಿ ರಂಜನಾತಾಯಿ ಎಂದರು. ಪಾಠ ಹೇಳುತ್ತಿದ್ದ ಮೆಹೆಂದಳೆ ಮೇಡಂ ಹಿಂದೆ ನಾಟಕ ಸಂಸ್ಥೆಯೊಂದನ್ನು ನಡೆಸಿ ಕೈ ಸುಟ್ಟುಕೊಂಡವರು. ಅವರ ಮೊದಲ ದಿನದ ಮಾತು ರಂಜನಾಳಿಗೆ ಈಗಲೂ ನೆನಪಿದೆ. "ತರಕಾರಿಯವನು ಸಂಜೆಗೆ ಬಾಡಿದ ಸೊಪ್ಪನ್ನು ಅರ್ಧ ಬೆಲೆಗಾದರೂ ಮಾರುತ್ತಾನೆ. ನಾಟಕ ಶುರುವಾಗುವ ಮೂರನೇ ಗಂಟೆ ಬಾರಿಸಿದ ಮೇಲೆ ಖಾಲಿ ಉಳಿದ ಕುರ್ಚಿಯನ್ನು ಯಾರಿಗೆ ಮಾರುತ್ತೀರಿ?" ಎಂಟು ವರ್ಷ ಖಾಲಿ ಕುರ್ಚಿಗಳನ್ನು ನೋಡಿದವಳಿಗೆ ಆ ಮಾತು ಎದೆಗೆ ತಾಕಿತು. ಅಂದಿನಿಂದ ಒಂದು ತರಗತಿಯನ್ನೂ ಅವಳು ತಪ್ಪಿಸಲಿಲ್ಲ. ಕರಾರು ಹೇಗೆ ಬರೆಯುವುದು, ಹಾಡಿನ ಹಕ್ಕು ಯಾರದು, ಇಡೀ ಆಟ ಒಬ್ಬರ ಕೊರಳಿಗೆ ಜೋತುಬಿದ್ದರೆ ಏನಾಗುತ್ತದೆ—ಎಲ್ಲವನ್ನೂ ದಪ್ಪ ನೋಟುಬುಕ್ಕಿನಲ್ಲಿ ಕನ್ನಡದಲ್ಲೇ ಬರೆದುಕೊಂಡಳು.

ಎರಡನೆಯ ವರ್ಷ ಮೇಡಂ ಒಂದು ಕೆಲಸ ಕೊಟ್ಟರು. ಮುಚ್ಚಿಹೋದ ಯಾವುದಾದರೂ ಮನರಂಜನಾ ಸಂಸ್ಥೆಯನ್ನು ಆರಿಸಿಕೊಂಡು, ಅದು ಏಕೆ ಮುಚ್ಚಿತೆಂದು ಪುರಾವೆ ಸಮೇತ ವರದಿ ಬರೆಯಬೇಕು. ಹುಡುಗರೆಲ್ಲ ಸ್ಟುಡಿಯೋ, ಚಾನೆಲ್ಲು ಎಂದು ಹೆಸರು ಕೊಟ್ಟರು. ರಂಜನಾ ಅಪ್ಪನ ಕಂಪನಿಯ ಹೆಸರು ಕೊಟ್ಟಳು.

ಆ ಭಾನುವಾರ ಬೆಳಿಗ್ಗೆ ಫೋನಿನಲ್ಲಿ ರೆಕಾರ್ಡಿಂಗ್ ಹಚ್ಚಿಟ್ಟು ಅಪ್ಪನ ಎದುರು ಕೂತಳು. ಮಲಕಪ್ಪನವರಿಗೆ ಅಂದು ಬಾಯಿ ಬಂತು. ತಗಡಿನ ಥೇಟರು, ಎತ್ತಿನ ಗಾಡಿಯಲ್ಲಿ ಬರುತ್ತಿದ್ದ ಪರದೆಗಳು, ಮಳೆ ಬಂದರೆ ತಗಡಿನ ಸಪ್ಪಳಕ್ಕೆ ಹಾಡು ಕೇಳದೆ ಜನ ಎದ್ದು ವೇದಿಕೆಯ ಹತ್ತಿರ ಬಂದು ನಿಲ್ಲುತ್ತಿದ್ದುದು. ಅರವತ್ತು ಜನರ ಕಂಪನಿ. ನಾಯಕಿ ಸಾಬವ್ವ. ಆಕೆ ಪೇಟಿಯ 'ಕರಿ ನಾಕ'ರ ಎತ್ತರದ ಶ್ರುತಿಯಲ್ಲಿ ಎತ್ತಿ ಹಾಡಿದರೆ ಹೊರಗಿನ ಚಹಾದಂಗಡಿಯವನೂ ಒಲೆ ಸಣ್ಣ ಮಾಡುತ್ತಿದ್ದನಂತೆ.

"ಮತ್ತ ಯಾಕ ಮುಚ್ಚಿತಪ್ಪಾ?"

"ಜನ ಬರೋದು ನಿಂತಿತು. ಸಿನಿಮಾ ಬಂತು, ಟೀವಿ ಬಂತು," ಎಂದರು ಮಲಕಪ್ಪ. ಆಮೇಲೆ ಸೊಪ್ಪು ತರುತ್ತೇನೆಂದು ಚೀಲ ಹಿಡಿದು ಎದ್ದರು.

ಪುರಾವೆ ಬೇಕಿತ್ತು. ಹುಡುಕಿ ಹುಡುಕಿ ನಿಜಲಿಂಗಪ್ಪನವರ ಫೋನ್ ನಂಬರು ಸಿಕ್ಕಿತು. ಎಂಬತ್ತೆಂಟು ವರ್ಷದ ಅವರು ಗದಗಿನಲ್ಲಿ ಮೊಮ್ಮಗನ ಮನೆಯಲ್ಲಿದ್ದರು. ಪೇಟಿ ಮಾಸ್ತರರ ಮಗಳು ಎಂದೊಡನೆ ಅವರ ಧ್ವನಿ ಎತ್ತರವಾಯಿತು.

"ಜನ ನಿಂತಿದ್ದಿಲ್ಲ ತಂಗಿ! ರೋಣದ ಕ್ಯಾಂಪಿನ ಕಡೀ ದಿನಾನೂ ಥೇಟರ ತುಂಬಿತ್ತು. ಮರುದಿನ ಸಾಬವ್ವ ಹೋದ್ಲು. ಆಕಿ ಹೋದ್ಲು, ಕಂಪನಿ ಹೋತು."

"ಯಾಕ ಹೋದ್ರು ಅವರು?"

"ಅದನ್ನ ನಿಮ್ಮಪ್ಪನ್ನ ಕೇಳವ್ವಾ," ಎಂದರು ಮುದುಕರು.

ಒಂದು ವಾರ ರಂಜನಾ ಕೇಳಲಿಲ್ಲ. ಕೇಳಿದ್ದು ಬಟಾಣಿ ಸುಲಿಯುತ್ತಾ ಇಬ್ಬರೂ ಬಾಲ್ಕನಿಯಲ್ಲಿ ಕೂತಿದ್ದಾಗ. ಮಲಕಪ್ಪ ಕಾಳು ಬಿಡಿಸುವುದನ್ನು ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ನಾನ ಮಾತು ಕೊಟ್ಟಿದ್ದೆ. ಕಂಪನಿ ಬಿಡು, ಲಗ್ನಾ ಆಗೋಣು ಅಂದಿದ್ದೆ. ಮನ್ಯಾಗ ಕೇಳಿ ಬರ್ತೀನಂತ ಊರಿಗೆ ಹೋದೆ. ಅಲ್ಲಿ ನಮ್ಮಪ್ಪ ನಿಮ್ಮವ್ವನ್ನ ನೋಡಿ ಇಟ್ಟಿದ್ರು. ಮಾವ ಇಲ್ಲಿ ನೌಕರಿ ನೋಡಿ ಇಟ್ಟಿದ್ದ. ಅಪ್ಪನ ಎದುರಿಗೆ ನನಗ ಬಾಯಿ ಬರಲಿಲ್ಲ. ಹಂಗ ಪುಣೆಕ್ಕ ಬಂದೆ. ಆಕಿ ಕಂಪನಿ ಬಿಟ್ಟು ಗುಳೇದಗುಡ್ಡಕ್ಕ ಹೋಗಿ ಅಕ್ಕನ ಮನ್ಯಾಗ ಕಾದ್ಲಂತ ಆಮ್ಯಾಲೆ ಕೇಳಿದೆ. ನನ್ನ ಒಂದು ಮಾತಿಗೆ ಅರವತ್ತು ಮಂದಿ ಅನ್ನಾ ಹೋತು ರಂಜೀ."

"ಅವ್ವಗ ಗೊತ್ತಿತ್ತೇನು?"

"ಲಗ್ನಾದ ವರ್ಷನ ಹೇಳಿದ್ದೆ. ಮನಿಗೆ ಪೇಟಿ ಒಂದು ತರಬ್ಯಾಡ್ರಿ ಅಂದ್ಲು. ಅಷ್ಟ. ಮತ್ತ ಎಂದೂ ಎತ್ತಲಿಲ್ಲ."

ರಂಜನಾಳಿಗೆ ಅಮ್ಮನ ಮೇಲೆ ಮರುಕ ಬಂತು, ಅಪ್ಪನ ಮೇಲೆ ಸಿಟ್ಟು ಬಂತು. ಅವರ ತೆಳ್ಳಗಿನ ಬೆರಳುಗಳು ಬಟಾಣಿಯ ಸಿಪ್ಪೆಯನ್ನು ಸಣ್ಣಗೆ ಹರಿಯುತ್ತ ಕೂತಿದ್ದನ್ನು ನೋಡಿ ಆ ಸಿಟ್ಟೂ ನಿಲ್ಲಲಿಲ್ಲ. ಲೋಕಲ್ ಟ್ರೇನಿನಲ್ಲಿ ಮರುದಿನ ಕಿಟಕಿಗೆ ತಲೆ ಆನಿಸಿ ಕೂತಾಗ, ಕರಾರಿನ ಪಾಠದಲ್ಲಿ ಬರೆದುಕೊಂಡ ಸಾಲು ನೆನಪಾಯಿತು: ಬಾಯಿಮಾತಿನ ಒಪ್ಪಂದಕ್ಕೆ ಸಾಕ್ಷಿಯಿಲ್ಲ. ಅದನ್ನು ಬರೆದುಕೊಂಡಾಗ ಅವಳು ನಟರ ಸಂಬಳದ ಬಗ್ಗೆ ಯೋಚಿಸಿದ್ದಳು.

ಅಪ್ಪ ಬೇಡವೆಂದರೂ ಅವಳು ಗುಳೇದಗುಡ್ಡಕ್ಕೆ ಹೋದಳು. ವರದಿ ಒಂದು ನೆಪ. ಆ ಹೆಣ್ಣುಮಗಳ ಮುಖ ನೋಡಬೇಕೆನಿಸಿತ್ತು.

ಸಾಬವ್ವ ಅಕ್ಕನ ಮಗನ ಮನೆಯ ಪಡಸಾಲೆಯಲ್ಲಿ ಕೂತು ಕುಪ್ಪಸದ ಖಣದ ಬಟ್ಟೆಯನ್ನು ಅಳೆದು ಮಡಚುತ್ತಿದ್ದರು. ಅರವತ್ತಾರರ ವಯಸ್ಸು, ನೆಟ್ಟಗಿನ ಬೆನ್ನು, ದೊಡ್ಡ ಕಣ್ಣು. ಮಾತು ಮಾತ್ರ ಪಿಸುಗುಟ್ಟಿದಷ್ಟೇ. ರಂಜನಾ ಹತ್ತಿರ ಸರಿದು ಕೂತು, ತಾನು ಯಾರ ಮಗಳೆಂದು ಹೇಳಿದಳು. ಸಾಬವ್ವ ಮಡಚುತ್ತಿದ್ದ ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳನ್ನು ನೋಡಿದರು.

"ಮೂಗು ಅವರದ. ಚಹಾ ಕುಡಿತಿಯೇನವ್ವಾ?"

ಚಹಾ ಆಯಿತು. ರಂಜನಾ ಅಪ್ಪ ಹೇಳಿದ್ದನ್ನೆಲ್ಲ ಹೇಳಿ, "ನಿಮ್ಮ ಬಾಳು ಹಾಳು ಮಾಡಿದೆ ಅಂತ ಇನ್ನೂ ಒದ್ದಾಡ್ತಾರ್ರಿ. ಕಂಪನಿ ಮುಚ್ಚಿದ್ದೂ ತಮ್ಮಿಂದನ ಅಂತಾರ," ಎಂದಳು.

ಸಾಬವ್ವ ಖಾಲಿ ಬಟ್ಟಲುಗಳನ್ನು ಪಕ್ಕಕ್ಕೆ ಸರಿಸಿದರು. ಹೊರಗೆ ಎಲ್ಲೋ ಮಗ್ಗದ ಸದ್ದು ಬರುತ್ತಿತ್ತು.

"ಅವರ ಮಾತಿಗೆ ನಾ ಕಂಪನಿ ಬಿಡಲಿಲ್ಲ ತಾಯಿ. ರೋಣಕ್ಕ ಹೋಗೂಕಿಂತ ಮೊದಲನ ನನ್ನ ಕೊಳ್ಳು ಕೆಟ್ಟಿತ್ತು. ಹುಬ್ಬಳ್ಳಿ ಡಾಕ್ಟರ್ ನೋಡಿ, ಇನ್ನೊಂದು ತಿಂಗಳು ಹಾಡಿದ್ರ ಪೂರಾ ಹೋಗ್ತದ ಅಂದ್ರು. ಯಾರಿಗೂ ಹೇಳಲಿಲ್ಲ. ನಿಮ್ಮಪ್ಪಗೂ ಹೇಳಲಿಲ್ಲ. ಬಿಸಿನೀರು ಕುಡಕೊಂತ ಕ್ಯಾಂಪ್ ಮುಗಿಸಿದೆ."

"ಮಾಲಕರಿಗೆ ಹೇಳಿದ್ರ ಬ್ಯಾರೆಯವರನ್ನ ತರತಿದ್ರಲ್ರೀ? ಕಂಪನಿ ಉಳೀತಿತ್ತು."

"ಉಳೀತಿತ್ತು," ಎಂದರು ಸಾಬವ್ವ. "ಅದಕ್ಕ ಹೇಳಲಿಲ್ಲ. ನನ್ನ ಜಾಗಾದಾಗ ಇನ್ನೊಬ್ಬಾಕಿ ನಿಂತು ಆ ಪೇಟಿಗೆ ಹಾಡೋದನ್ನ ನೋಡೂ ಶಕ್ತಿ ನನಗ ಇದ್ದಿಲ್ಲ. ಅರವತ್ತು ಮಂದಿ ಪಾಪ ಅವರದಲ್ಲ ಅಂತ ಹೇಳು. ಅದು ನಂದು."

"ಮತ್ತ ಕಾದಿದ್ದು?"

ಸಾಬವ್ವ ಬಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡರು. "ಕಾದಿದ್ದು ಖರೆ. ಅದನ್ನ ಯಾಕ ಸುಳ್ಳು ಹೇಳಲಿ?"

ಬರುವಾಗ ಬಸ್ಸಿನಲ್ಲಿ ರಂಜನಾ ನೋಟುಬುಕ್ಕು ತೆರೆದು ಕೂತಳು. ವರದಿಗೆ ಬೇಕಾದದ್ದೆಲ್ಲ ಸಿಕ್ಕಿತ್ತು. ಒಂದೇ ಕೊರಳಿನ ಮೇಲೆ ನಿಂತ ಆಟ, ಎರಡನೆಯ ಗಾಯಕಿ ಇಲ್ಲದ್ದು, ಲಿಖಿತ ಕರಾರಿಲ್ಲದ್ದು, ಕಲಾವಿದರ ಆರೋಗ್ಯ ನೋಡುವವರಿಲ್ಲದ್ದು. ಪಾಠದಲ್ಲಿ ಹೇಳಿದ ತಪ್ಪುಗಳೆಲ್ಲ ಒಂದೂ ಬಿಡದೆ ಅಲ್ಲಿದ್ದವು. ಆದರೂ ಅವಳಿಗೆ ಆ ತಗಡಿನ ಥೇಟರಿನಲ್ಲಿ ಒಂದೇ ಒಂದು ಸಲ ಕೂರಬೇಕೆಂಬ ಆಸೆ ಎಷ್ಟು ಜೋರಾಗಿ ಬಂತೆಂದರೆ, ಸೊಲ್ಲಾಪುರ ದಾಟುವವರೆಗೂ ಒಂದಕ್ಷರ ಬರೆಯಲಾಗಲಿಲ್ಲ. ತಾನು ಹುಟ್ಟುವ ಏಳು ವರ್ಷ ಮೊದಲೇ ಮುಗಿದುಹೋದ ಹಾಡಿಗೆ ಹೀಗೆ ಹಂಬಲಿಸಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದಳು. ನಿರಾಳವಾದಾರು ಎಂದುಕೊಂಡಿದ್ದಳು. ಮಲಕಪ್ಪ ಕೇಳಿದ್ದು ಒಂದೇ:

"ಈಗ ಧ್ವನಿ ಹೆಂಗದ?"

"ಭಾಳ ಸಣ್ಣದಪ್ಪಾ. ಹತ್ತಿರ ಕೂತ್ರ ಕೇಳಸ್ತದ."

ಅವರು ಕನ್ನಡಕ ತೆಗೆದು ಒರೆಸಿದರು. "ಮಗ್ಗಲಾಗ ಕೂತು ಬಾರಿಸ್ತಿದ್ದೆ ರಂಜೀ. ಬಿಸಿನೀರು ಕುಡಿಯೋದು ನೋಡ್ತಿದ್ದೆ. ಯಾಕಂತ ಒಂದು ದಿನಾನೂ ಕೇಳಲಿಲ್ಲ." ಆಮೇಲೆ ಒಳಗೆ ಹೋಗಿ ಮಲಗಿದರು. ಊಟಕ್ಕೂ ಏಳಲಿಲ್ಲ.

ವರದಿ ಬರೆಯಲು ರಂಜನಾ ಹದಿನೈದು ದಿನ ತೆಗೆದುಕೊಂಡಳು. ಗಾಯಕಿಯ ಕಾಯಿಲೆ, ಬದಲಿ ಇಲ್ಲದ್ದು, ಕರಾರಿಲ್ಲದ್ದು ಎಲ್ಲ ಬರೆದಳು. ಆಕೆ ಕಾಯಿಲೆಯನ್ನು ಮಾಲಕರಿಂದ ಏಕೆ ಮುಚ್ಚಿಟ್ಟಳು ಎಂಬ ಜಾಗದಲ್ಲಿ 'ವೈಯಕ್ತಿಕ ಕಾರಣ' ಎಂದಷ್ಟೇ ಹಾಕಿದಳು. ಮೆಹೆಂದಳೆ ಮೇಡಂ ಓದಿ, ಅಲ್ಲೇ ಬೆರಳಿಟ್ಟು ಮರಾಠಿಯಲ್ಲಿ ಕೇಳಿದರು, ಇಲ್ಲೇನೋ ಬಿಟ್ಟಿದ್ದೀಯಲ್ಲ ಎಂದು.

"ಹೌದು ಮೇಡಂ. ಅದು ಬರೆಯುವ ಹಕ್ಕು ನನ್ನದಲ್ಲ."

ಮೇಡಂ ಮತ್ತೆ ಕೇಳಲಿಲ್ಲ. ಹಕ್ಕಿನ ಪಾಠ ಹೇಳಿಕೊಟ್ಟವರು ಅವರೇ. ತರಗತಿಗೆಲ್ಲ ಹೆಚ್ಚು ಅಂಕ ಅವಳ ವರದಿಗೇ ಬಂತು.

ಈಗ ರಂಜನಾ ಅದೇ ರಂಗಮಂದಿರದಲ್ಲಿ ಕಾರ್ಯಕ್ರಮಗಳ ಸಹಾಯಕ ವ್ಯವಸ್ಥಾಪಕಿ. ಹಾಡಿನ ನಾಟಕ ಯಾರೇ ತರಲಿ, ಎರಡನೆಯ ಗಾಯಕಿಯ ಹೆಸರು ಕೇಳುತ್ತಾಳೆ. ತಾಲೀಮಿಗೆ ಬಂದ ಹುಡುಗಿಯರು ಪದೇ ಪದೇ ಗಂಟಲು ಸರಿಮಾಡಿಕೊಂಡರೆ ಹೋಗಿ ವಿಚಾರಿಸುತ್ತಾಳೆ. ಇದು ನಿಮ್ಮ ಕೆಲಸವಲ್ಲ ಎಂದು ಒಂದಿಬ್ಬರು ನಿರ್ಮಾಪಕರು ಸಿಡುಕಿದ್ದೂ ಉಂಟು. ಮಧ್ಯಾಹ್ನ ಮಂದಿರ ಖಾಲಿಯಿರುವಾಗ ಒಮ್ಮೊಮ್ಮೆ ಹಿಂದಿನ ಸಾಲಿನಲ್ಲಿ ಒಬ್ಬಳೇ ಕೂರುತ್ತಾಳೆ. ಗೋಡೆಗೆಲ್ಲ ಸದ್ದು ಹೀರುವ ಹಲಗೆ ಹೊಡೆದಿರುವ ಮಂದಿರ ಅದು. ಹೊರಗೆ ಎಷ್ಟೇ ಮಳೆ ಹೊಯ್ದರೂ ಒಳಗೆ ತಿಳಿಯುವುದಿಲ್ಲ.

ವರದಿ ಮುಗಿದ ವರ್ಷದ ಶ್ರಾವಣದಲ್ಲಿ ಮಲಕಪ್ಪ ಸಾಬವ್ವನಿಗೆ ಒಂದು ಕಾಗದ ಬರೆದರು. ನಾಲ್ಕು ದಿನ ಬರೆದು, ನಾಲ್ಕು ಸಲ ಹರಿದು, ಕೊನೆಗೆ ಅಂಟಿಸಿದ ಲಕೋಟೆಯನ್ನೇ ಮಗಳ ಕೈಗಿತ್ತರು. ಏನು ಬರೆದರೋ ಅವಳು ಕೇಳಲಿಲ್ಲ. ಇಪ್ಪತ್ತು ದಿನ ಅವರು ಹನ್ನೊಂದು ಗಂಟೆಯಾದೊಡನೆ ಕರಿಬೇವು ತರುವ ನೆಪದಲ್ಲಿ ಕೆಳಗಿಳಿದು ಟಪಾಲಿನ ಡಬ್ಬಿ ನೋಡಿ ಬಂದರು. ಇಪ್ಪತ್ತೊಂದನೆಯ ದಿನ ಉತ್ತರ ಬಂತು. ಸಾಬವ್ವನ ಮನೆಯ ಯಾರೋ ಹುಡುಗಿಯ ಗುಂಡಗಿನ ಅಕ್ಷರ: "ಕಾಗದ ಮುಟ್ಟಿತು. ಎರಡು ಸಲ ಓದಿಸಿಕೊಂಡು ಕೇಳಿದೆ. ಮತ್ತ ಬರೀರಿ."

ಅಂದಿನಿಂದ ತಿಂಗಳಿಗೊಂದು ಕಾಗದ ಹೋಗುತ್ತದೆ, ಒಂದು ಬರುತ್ತದೆ. ದೀಪಾವಳಿಯ ರಜೆಯಲ್ಲಿ ರಂಜನಾ, "ಗಾಡಿ ಮಾಡತೇನಪ್ಪಾ, ಹೋಗಿ ಭೇಟಿಯಾಗಿ ಬರೋಣು," ಎಂದಳು. ಮಲಕಪ್ಪ ಅಂದೇ ಗಡ್ಡ ಬೋಳಿಸಿಕೊಂಡರು, ಇಸ್ತ್ರಿಗೆ ಎರಡು ಅಂಗಿ ಕೊಟ್ಟರು. ಹೊರಡುವ ದಿನ ಬೆಳಿಗ್ಗೆ ಬಾಗಿಲವರೆಗೆ ಬಂದವರು ಅಲ್ಲೇ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು.

"ಬ್ಯಾಡ ರಂಜೀ. ಹೋದ್ರ ಕಾಗದ ನಿಂತಾವು."

ರಂಜನಾ ಗಾಡಿಯವನಿಗೆ ಫೋನ್ ಮಾಡಿ ಬರಬೇಡವೆಂದಳು. ಅಪ್ಪ ಇಸ್ತ್ರಿಯ ಅಂಗಿಯಲ್ಲೇ ಕಿಟಕಿಯ ಬಳಿ ಕೂತು ಕಾಗದ ಬರೆಯಲು ಶುರುಮಾಡಿದರು. ಅವಳು ಅವರಿಗೆ ಚಹಾ ಕೊಟ್ಟು, ತನ್ನದನ್ನು ತೆಗೆದುಕೊಂಡು ಅಡುಗೆಮನೆಯಲ್ಲೇ ನಿಂತು ಕುಡಿದಳು.